ಮೃಗಶಿರಕ್ಕೆ ನಿಲ್ಲದ ವಾಕಿಂಗ್: ಮಲೆನಾಡಿನಲ್ಲಿ ವರ್ಷವಿಡೀ ನಡೆಯುವ ಕ್ರಮ

ಮಲೆನಾಡಿನಲ್ಲಿ ವಾಕಿಂಗ್ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಹೊಸ ಶೂ ಬರುತ್ತದೆ, ಬೆಳಗ್ಗೆ ಐದೂವರೆಗೆ ಅಲಾರಂ ಕೂಗುತ್ತದೆ. ಜೂನ್‌ನಲ್ಲಿ ಮೃಗಶಿರ ಮಳೆ ಹಿಡಿಯಿತೋ, ಶೂ ಅಟ್ಟ ಸೇರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಶೂಗೆ ಬೂಷ್ಟು ಹಿಡಿದಿರುತ್ತದೆ, ಯಜಮಾನರಿಗೆ ಸೊಂಟ ಹಿಡಿದಿರುತ್ತದೆ. ಇದಕ್ಕೆ ಸೋಮಾರಿತನ ಕಾರಣವಲ್ಲ. ಬೆಂಗಳೂರಿನ ಪಾರ್ಕಿನಲ್ಲಿ ನಡೆಯುವ ಕ್ರಮವನ್ನು ತಂದು ಇಲ್ಲಿನ ಮಳೆ, ಉಂಬಳ (ನೆಲದ ಜಿಗಣೆ), ಜಾರು ನೆಲದ ಮೇಲೆ ಇಟ್ಟರೆ ಅದು ನಿಲ್ಲುವುದಿಲ್ಲ, ಅಷ್ಟೇ.

ಹೊರಗೆ ಓಡಾಡಿದರೆ ಮನಸ್ಸು ತಿಳಿಯಾಗುತ್ತದೆ ಎನ್ನುವುದು ನಿಜ. ಆದರೆ ವರ್ಷಕ್ಕೆರಡು ಸಲ ಕೊಡಚಾದ್ರಿ ಹತ್ತಿ ಫೋಟೋ ಹಾಕುವುದರಿಂದ ಅದು ಬರುವುದಿಲ್ಲ. ಮನೆ ಸುತ್ತಲಿನ ಒಂದೇ ದಾರಿಯನ್ನು ಹನ್ನೆರಡು ತಿಂಗಳೂ ತುಳಿದಾಗ ಬರುತ್ತದೆ. ಹಾಗೆ ತುಳಿಯಲು ಬೇಕಾದ ಏರ್ಪಾಡು ಏನು ಎನ್ನುವುದನ್ನು ಮುಂದೆ ಹೇಳಿದೆ. ಖರ್ಚು ಹೆಚ್ಚಿಲ್ಲ.

ಒಂದಲ್ಲ, ಎರಡು ದಾರಿ

ದಾರಿ ಮನೆಬಾಗಿಲಿನಿಂದಲೇ ಶುರುವಾಗಬೇಕು. ಬೈಕು ಹತ್ತಿ ಹೋಗಿ ನಡೆಯುವ ಜಾಗ ಎಷ್ಟೇ ಚೆಂದವಿದ್ದರೂ ಮೂರನೇ ವಾರಕ್ಕೆ ತಪ್ಪಿಹೋಗುತ್ತದೆ. ಎರಡರಿಂದ ಮೂರು ಕಿಲೋಮೀಟರ್ ಸಾಕು. ಹೋದ ದಾರಿಯಲ್ಲೇ ವಾಪಸ್ ಬರುವುದಕ್ಕಿಂತ ಸುತ್ತುದಾರಿ ಒಳ್ಳೆಯದು, ಏಕೆಂದರೆ ಅರ್ಧಕ್ಕೆ ತಿರುಗುವ ಆಸೆ ಹುಟ್ಟುವುದಿಲ್ಲ. ನಡುವೆ ಐದು ನಿಮಿಷದ ಒಂದು ಏರು ಇರಲಿ. ಸಮತಟ್ಟು ನೆಲದಲ್ಲಿ ಸಿಗದ ಕೆಲಸ ಎದೆಗೂ ತೊಡೆಗೂ ಅಲ್ಲಿ ಸಿಗುತ್ತದೆ.

ಹಳ್ಳಿಮನೆಯವರಿಗೆ ಇದು ಸುಲಭ. ಅಂಗಳದಿಂದ ದಣಪೆ ದಾಟಿ, ತೋಟದ ಅಗಳಿನ ಪಕ್ಕ, ಗದ್ದೆ ಅಂಚಿನ ಮೇಲೆ, ಸೊಪ್ಪಿನಬೆಟ್ಟದ ಏರು ಹತ್ತಿ, ಟಾರು ರಸ್ತೆಯಲ್ಲಿ ಮನೆಗೆ. ಶಿವಮೊಗ್ಗ ಪೇಟೆಯವರಿಗೆ ನೆಹರೂ ಕ್ರೀಡಾಂಗಣ, ಗಾಂಧಿ ಪಾರ್ಕು ಇವೆ. ಮನೆ ಹತ್ತಿರ ತುಂಗಾ ನಾಲೆ ಹಾದುಹೋಗಿದ್ದರೆ ಅದರ ಏರಿಯೂ ಇದೆ. ನಾಲೆಯ ವಿಷಯದಲ್ಲಿ ಒಂದು ಎಚ್ಚರ: ಕಾಲು ತೊಳೆಯಲು ಇಳಿಯಬೇಡಿ. ಇಳಿಜಾರು ಕಾಂಕ್ರೀಟಿನ ಮೇಲೆ ನೀರಿನ ಮಟ್ಟದಲ್ಲಿ ತೆಳುವಾಗಿ ಪಾಚಿ ಕಟ್ಟಿರುತ್ತದೆ, ಮೇಲಿಂದ ಕಾಣುವುದಿಲ್ಲ. ಜಾರಿದರೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಈಜು ಬರುವವರೂ ಹೀಗೆ ಹೋಗಿದ್ದಾರೆ.

ಇನ್ನು ಮುಖ್ಯ ಮಾತು. ಬೇಸಿಗೆಗೊಂದು ದಾರಿ, ಮಳೆಗಾಲಕ್ಕೊಂದು ದಾರಿ ಎಂದು ಮೇ ತಿಂಗಳಲ್ಲೇ ನಿಶ್ಚಯಿಸಿಕೊಳ್ಳಿ. ಮಳೆದಾರಿಯಲ್ಲಿ ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಇರಕೂಡದು, ತರಗೆಲೆ ನೆಲ ಇರಕೂಡದು, ಒಣಗಿದ ಅಥವಾ ಬುಡ ಸಡಿಲವಾದ ಮರಗಳ ಕೆಳಗೆ ಹಾದುಹೋಗಕೂಡದು. ಅದು ಬರೀ ಟಾರು ರಸ್ತೆಯಾದರೂ ಸರಿ, ಮನೆ ಮುಂದಿನ ಅರ್ಧ ಕಿಲೋಮೀಟರನ್ನು ನಾಲ್ಕು ಸಲ ಸುತ್ತುವುದಾದರೂ ಸರಿ. ಶಿವಮೊಗ್ಗ ನಗರಕ್ಕೆ ಬೀಳುವ ಮಳೆಯ ಹಲವು ಪಟ್ಟು ಆಗುಂಬೆಗೆ ಬೀಳುತ್ತದೆ, ಅಲ್ಲಿನ ವಾರ್ಷಿಕ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಹಾಗಾಗಿ ಶಿಕಾರಿಪುರದವರ ಮಳೆದಾರಿಯೂ ತೀರ್ಥಹಳ್ಳಿ, ಹೊಸನಗರದವರ ಮಳೆದಾರಿಯೂ ಒಂದೇ ಆಗಿರಲು ಸಾಧ್ಯವಿಲ್ಲ.

ಎಷ್ಟು, ಯಾವ ವೇಗದಲ್ಲಿ

ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಗಟ್ಟಿಯಾಗುವ ಕೆಲಸ. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕ ಇದು. ಮೊದಲೆರಡು ವಾರ ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ. ಆಮೇಲೆ ವಾರಕ್ಕೆ ಐದೈದು ನಿಮಿಷ ಏರಿಸುತ್ತಾ 45ಕ್ಕೆ ತಂದು ನಿಲ್ಲಿಸಿ. ಮೊದಲ ದಿನವೇ ಒಂದು ಗಂಟೆ ನಡೆದವರು ಹತ್ತನೇ ದಿನ ಹಿಮ್ಮಡಿ ನೋವು ಎಂದು ಕೂರುತ್ತಾರೆ. ಉಸಿರು ಬೇಗ ಪಳಗುತ್ತದೆ, ಪಾದದ ಅಡಿಯ ನಾರು-ಪಟ್ಟಿಗಳು ನಿಧಾನವಾಗಿ ಪಳಗುತ್ತವೆ. ತೊಂದರೆಯಾಗುವುದು ಈ ಅಂತರದಲ್ಲೇ.

ವೇಗಕ್ಕೆ ಕೈಗಡಿಯಾರ ಬೇಡ. ಜೊತೆಯವರ ಹತ್ತಿರ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಮಧ್ಯಮ ವೇಗ. ಲೆಕ್ಕವೇ ಬೇಕೆನ್ನುವವರಿಗೆ ನಿಮಿಷಕ್ಕೆ ಸುಮಾರು ನೂರು ಹೆಜ್ಜೆ. ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಉಸಿರಿನ ಲಯ ಕೆಡದಂತೆ ಹತ್ತಿ. ಇಳಿಯುವಾಗ ಮಂಡಿಯನ್ನು ನೆಟ್ಟಗೆ ಚಾಚಿ ಹಿಮ್ಮಡಿ ಕುಟ್ಟಬೇಡಿ, ಸ್ವಲ್ಪ ಬಗ್ಗಿಸಿಯೇ ಇಡಿ.

ಹೊತ್ತಿನ ವಿಚಾರ. ಜೂನ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರು ಗಂಟೆಗೆ, ಜನವರಿ ಕೊನೆಗೆ ಏಳಕ್ಕೆ ಹತ್ತಿರ. ಗಡಿಯಾರ ನೋಡಿ ಹೊರಡುವವರು ಚಳಿಗಾಲದಲ್ಲಿ ಕತ್ತಲಲ್ಲೇ ಹೊರಟಿರುತ್ತಾರೆ. ಕಾಟಿ (ಕಾಡುಕೋಣ), ಹಂದಿ ಗದ್ದೆ-ತೋಟದಿಂದ ಕಾಡಿಗೆ ಮರಳುವ ಹೊತ್ತೂ ಅದೇ. ಪೂರ್ತಿ ಬೆಳಕಾಗಿ ಹದಿನೈದು ನಿಮಿಷ ಕಳೆದ ಮೇಲೆ ಹೊರಡಿ. ಮಂಜು ಗಟ್ಟಿಯಾಗಿದ್ದರೆ ಟಾರು ರಸ್ತೆಯಲ್ಲಿ ಬಲಗಡೆಯಿಂದ, ಎದುರು ಬರುವ ವಾಹನ ಕಾಣುವಂತೆ ನಡೆಯಿರಿ. ಒಂಟಿ ಕಾಟಿ ಕಂಡರೆ ನಿಲ್ಲಿ, ಹಿಂದೆ ಸರಿಯಿರಿ. ಕೂಗಬೇಡಿ, ಫೋಟೋ ತೆಗೆಯಲು ಹತ್ತಿರ ಹೋಗಬೇಡಿ.

ಒಣಗಾಲ: ಉಣುಗಿನ ಲೆಕ್ಕ

ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಹವೆ ನಡೆಯುವವರಿಗಾಗಿಯೇ ಮಾಡಿದಂತಿರುತ್ತದೆ. ಮಂಗನ ಕಾಯಿಲೆಯ ಕಾಲವೂ ಇದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಹರಡುವುದು ಉಣುಗಿನಿಂದ (ಉಣ್ಣೆ ಹುಳದಿಂದ), ಅದರಲ್ಲೂ ಸಾಸಿವೆಗಿಂತ ಚಿಕ್ಕದಾದ ಮರಿ ಉಣುಗಿನಿಂದ. ತರಗೆಲೆಯ ಮೇಲೆ, ಹುಲ್ಲಿನ ತುದಿಯಲ್ಲಿ ಕಾದಿದ್ದು ಬಟ್ಟೆಗೆ ಹತ್ತುತ್ತದೆ.

ಇದಕ್ಕೆ ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ. ಗುಡಿಸಿದಂತಿರುವ ಅಗಲ ದಾರಿಯಲ್ಲೇ ನಡೆಯಿರಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ, ದರಗು ಗುಡಿಸಿದ ರಾಶಿಯ ಹತ್ತಿರ ನಿಲ್ಲಬೇಡಿ. ತಿಳಿಬಣ್ಣದ ಉದ್ದ ಪ್ಯಾಂಟು ಹಾಕಿ ಅದರ ಅಂಚನ್ನು ಸಾಕ್ಸ್ ಒಳಗೆ ತುರುಕಿ. ತಿಳಿಬಣ್ಣದ ಮೇಲೆ ಉಣುಗು ಕಾಣುತ್ತದೆ. ಕಾಯಿಲೆ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಕೊಡುವ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದವರೇ ಬಚ್ಚಲಿಗೆ ಹೋಗಿ, ಬಿಸಿನೀರು, ಸೋಪು ಹಾಕಿ ಮೀಯಿರಿ; ಬಟ್ಟೆಯನ್ನು ಬಿಸಿನೀರಿಗೇ ಹಾಕಿ, ಹಾಸಿಗೆಯ ಮೇಲೆ ಎಸೆಯಬೇಡಿ. ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಸೊಂಟದ ಪಟ್ಟಿ, ಕಿವಿಯ ಹಿಂದೆ ತಡಕಿ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬೀಡಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು, ಬೆರಳಲ್ಲಿ ಹಿಸುಕುವುದು ಯಾವುದೂ ಬೇಡ.

ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗ್ರಾಮ ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ, ಆ ಋತು ಮುಗಿಯುವವರೆಗೆ ಆ ದಾರಿ ಬಿಡಿ. ಸತ್ತ ಮಂಗನ ಮೈಯಿಂದ ಇಳಿದ ಉಣುಗು ಅಲ್ಲೇ ಸುತ್ತಮುತ್ತ ಇರುತ್ತದೆ. ಕಾಡಿಗೆ ಹೋಗಿ ಬಂದು ಮೂರರಿಂದ ಎಂಟು ದಿನದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕಾಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ "ಕಾಡಿಗೆ ಹೋಗಿದ್ದೆ" ಎಂಬ ಮಾತನ್ನು ಮರೆಯದೆ ಹೇಳಿ.

ನಿಜ ಹೇಳಬೇಕೆಂದರೆ ಮಲೆನಾಡಿನ ಕಾಡಿನೊಳಗೆ ನಿಶ್ಚಿಂತೆಯಿಂದ ಕೂರಬಹುದಾದ ಕಾಲ ಕಡಿಮೆಯೇ. ಬೇಸಿಗೆಯಲ್ಲಿ ಉಣುಗು, ಮಳೆಯಲ್ಲಿ ಉಂಬಳ. ಚಿತ್ರದಲ್ಲಿ ತೋರಿಸುವ ಹಾಗೆ ಮರಕ್ಕೊರಗಿ ಕಣ್ಣು ಮುಚ್ಚಿ ಕೂರುವ ಆಸೆ ಇದ್ದವರಿಗೆ ಮನೆಯ ಜಗುಲಿ ಇದೆ.

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿನವು, ಹಾಗಾಗಿ ಆಗ ಬೆಳಗಿನ ನಡಿಗೆ ಮಾತ್ರ. ಗುಡುಗು ಕೇಳಿದರೆ ಬ್ಯಾಣದಲ್ಲಿ (ಬಯಲು ಹುಲ್ಲುಗಾವಲಿನಲ್ಲಿ), ಗದ್ದೆಯಲ್ಲಿ, ಒಂಟಿ ಮರದ ಕೆಳಗೆ ನಿಲ್ಲದೆ ಮನೆಯೊಳಗೆ ಸೇರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಡಬೇಡಿ.

ಮಳೆಗಾಲ

ಆರಿದ್ರೆಯಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಅಭ್ಯಾಸ ಮುರಿಯುವ ಕಾಲ. ಇಲ್ಲಿ ಸೋಲಿಸುವುದು ಮಳೆಗಿಂತ ಹೆಚ್ಚಾಗಿ ಒದ್ದೆ ಶೂ.

ಚರ್ಮದ ಶೂ, ದಪ್ಪ ಸ್ಪಂಜಿನ ಶೂ ಎರಡೂ ಮಳೆಗಾಲಕ್ಕೆ ಆಗುವುದಿಲ್ಲ. ಪೇಟೆಯ ಚಪ್ಪಲಿ ಅಂಗಡಿಯಲ್ಲಿ ಸಿಗುವ, ಅಡಿಯಲ್ಲಿ ಗುಬ್ಬಿಗಳಿರುವ ರಬ್ಬರ್ ಶೂ ಸಾಕು. ತೋಟದ ಕೆಲಸದವರು ಹಾಕುವುದು ಅದನ್ನೇ. ಕೆಸರಿನಲ್ಲಿ ಅದಕ್ಕಿಂತ ಚೆನ್ನಾಗಿ ಹಿಡಿಯುವುದು ಇಲ್ಲ, ಆದರೆ ಒದ್ದೆ ಸಿಮೆಂಟು, ಟೈಲ್ಸ್ ಮೇಲೆ ಅದೇ ಗುಬ್ಬಿ ಜಾರಿಸುತ್ತದೆ. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಬಟ್ಟೆಯ ಶೂ ಆದರೆ ಒಳಗಿನ ಅಟ್ಟೆ ಹೊರತೆಗೆದು, ಹಳೇ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ. ರಾತ್ರಿ ಬಚ್ಚಲ ಒಲೆಯಿಂದ ಮೂರು ನಾಲ್ಕು ಅಡಿ ದೂರದಲ್ಲಿ ಇಡಿ. ತೀರ ಹತ್ತಿರ ಇಟ್ಟರೆ ಗಮ್ ಬಿಟ್ಟು ಅಡಿ ಕಳಚುತ್ತದೆ. ಮನೆಗೆ ಬಂದ ಕೂಡಲೇ ಬೆರಳ ಸಂದುಗಳನ್ನು ಒರೆಸಿ ಪೂರ್ತಿ ಒಣಗಿಸಿ. ಸಂದು ಬೆಳ್ಳಗಾಗಿ, ಸುಲಿದು, ತುರಿಸಲು ಶುರುವಾದರೆ ಅದು ಬೂಷ್ಟಿನ ಸೋಂಕು. ಔಷಧಿ ಅಂಗಡಿಯ ಮುಲಾಮಿಗೆ ವಾಸಿಯಾಗುತ್ತದೆ, ಆದರೆ ಗುಣ ಕಂಡ ಮೇಲೂ ಹಚ್ಚುವುದನ್ನು ಎರಡು ವಾರ ಮುಂದುವರಿಸಬೇಕು, ಇಲ್ಲವೆಂದರೆ ಮರಳಿ ಬರುತ್ತದೆ.

ರೇನ್‌ಕೋಟ್ ಒಳಗೆ ಬೆವರಿ ಒದ್ದೆಯಾಗುವುದಕ್ಕಿಂತ ಉದ್ದ ಕಾವಿನ ದೊಡ್ಡ ಕೊಡೆ ವಾಸಿ. ಗಾಳಿ ಇಲ್ಲದ ಮಳೆಗೆ ಕೊಡೆ, ಗಾಳಿಮಳೆಗೆ ನಡೆಯದಿರುವುದು. ಹಿಂದಿನವರ ಗೊರಬು, ಕಂಬಳಿಕೊಪ್ಪೆ ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುವವರಿಗಾಗಿ ಇದ್ದವು, ಬೀಸುನಡಿಗೆಗೆ ಒಗ್ಗುವುದಿಲ್ಲ.

ಜಾರುವ ಜಾಗಗಳನ್ನು ಕಣ್ಣು ಕಲಿಯಬೇಕು. ಕಪ್ಪಗೆ ಹೊಳೆಯುವ ಜಂಬಿಟ್ಟಿಗೆ, ಹಸಿರು ಹಾವಸೆ ಕಟ್ಟಿದ ಮೆಟ್ಟಿಲು, ಅಡ್ಡ ಬಿದ್ದ ಅಡಿಕೆ ಹಾಳೆ. ಹಾಳೆಯ ಒಳಮೈ ಒದ್ದೆಯಾದಾಗ ಕಾಲಿಟ್ಟವರನ್ನು ಹೊತ್ತುಕೊಂಡೇ ಜಾರುತ್ತದೆ. ಅಂಗಳಕ್ಕೂ ತೋಟದ ದಾರಿಗೂ ಅಡಿಕೆ ಸೋಗೆ ಹಾಸುವ ಹಳೆಯ ಪದ್ಧತಿ ಈಗ ಕಡಿಮೆಯಾಗಿದೆ, ಮತ್ತೆ ಹಾಸಿ: ಮಣ್ಣು ಕೊಚ್ಚಿ ಹೋಗುವುದಿಲ್ಲ, ಕಾಲಿಗೆ ಹಿಡಿತವೂ ಸಿಗುತ್ತದೆ. ಸಂಕದ ಮೇಲೆ ನೀರು ಹರಿಯುತ್ತಿದ್ದರೆ, ಅದು ಎರಡೇ ಇಂಚಿದ್ದರೂ, ವಾಪಸ್ ಬನ್ನಿ. ರಾತ್ರಿಯ ಗಾಳಿಗೆ ಕರೆಂಟ್ ತಂತಿ ಹರಿದು ಬೇಲಿಯ ಮೇಲೋ ನೀರಿನಲ್ಲೋ ಬಿದ್ದಿರುತ್ತದೆ. ಬೇಲಿಯ ಮುಳ್ಳುತಂತಿಯನ್ನೂ ಮುಟ್ಟಬೇಡಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಇನ್ನು ಉಂಬಳ. ದಾರಿ ಪಕ್ಕದ ಎಲೆಯೊಂದನ್ನು ಬಗ್ಗಿ ನೋಡಿ. ಹಿಂಬದಿಯನ್ನು ಎಲೆ ತುದಿಗೆ ಅಂಟಿಸಿ, ದಾರದಷ್ಟು ಸಣ್ಣಗೆ ಎದ್ದು ನಿಂತು, ತಲೆಯನ್ನು ಗಾಳಿಯಲ್ಲಿ ಸುತ್ತಲೂ ಆಡಿಸುತ್ತಿರುತ್ತದೆ. ನಿಮ್ಮ ಉಸಿರು ತಾಗಿದ ಕೂಡಲೇ ಆಡಿಸುವುದು ನಿಲ್ಲಿಸಿ ನಿಮ್ಮ ಕಡೆಗೇ ಚಾಚುತ್ತದೆ. ಉಸಿರು, ಮೈಯ ಬಿಸಿ, ಹೆಜ್ಜೆಯ ಅದುರು ಅದಕ್ಕೆ ಗುರುತು. ಸಾಲಿನಲ್ಲಿ ಮುಂದೆ ಹೋದವರು ಎಬ್ಬಿಸುತ್ತಾರೆ, ಹಿಂದೆ ಬಂದವರಿಗೆ ಹತ್ತುತ್ತದೆ.

ಒತ್ತು ನೇಯ್ಗೆಯ ಉದ್ದ ಸಾಕ್ಸ್ ಹಾಕಿ ಪ್ಯಾಂಟಿನ ಅಂಚನ್ನು ಅದರೊಳಗೆ ಸೇರಿಸುವುದೇ ಮೊದಲ ಉಪಾಯ. ಹೊಗೆಸೊಪ್ಪನ್ನು ರಾತ್ರಿ ನೆನೆಹಾಕಿದ ನೀರಿನಲ್ಲಿ ಸಾಕ್ಸ್ ಅದ್ದಿ ಒಣಗಿಸಿ ಹಾಕುವವರಿದ್ದಾರೆ, ಕೆಲಸ ಮಾಡುತ್ತದೆ. ಆದರೆ ಒದ್ದೆ ಚರ್ಮದ ಮೂಲಕ ಅದರ ಸತ್ವ ಮೈಗೂ ಇಳಿದು ತಲೆಸುತ್ತು, ವಾಕರಿಕೆ ಬರಬಹುದು. ಮಕ್ಕಳಿಗೆ, ಗಾಯ ಇದ್ದವರಿಗೆ ಬೇಡ. ಉಪ್ಪು, ಎಣ್ಣೆ ಹಚ್ಚಿದರೆ ಮಳೆಯಲ್ಲಿ ಹತ್ತು ನಿಮಿಷಕ್ಕೆ ತೊಳೆದುಹೋಗುತ್ತದೆ. ಅದಕ್ಕಿಂತ ಬಟ್ಟೆ ತುಂಡಿನಲ್ಲಿ ಉಪ್ಪು ಕಟ್ಟಿ ಕೋಲಿನ ತುದಿಗೆ ಗಂಟು ಹಾಕಿ, ಶೂ ಮೇಲೆ ಹತ್ತುವಾಗಲೇ ತಾಗಿಸಿ.

ಕಚ್ಚಿಕೊಂಡ ಮೇಲೆ ಉಪ್ಪು, ಬೆಂಕಿ ಬೇಡ. ಅದು ಕುಡಿದದ್ದನ್ನು ಗಾಯದೊಳಗೇ ಕಕ್ಕುತ್ತದೆ. ತೆಳ್ಳಗಿನ ತುದಿಯೇ ಬಾಯಿ. ಅದರ ಪಕ್ಕ ಚರ್ಮಕ್ಕೆ ಉಗುರು ಒತ್ತಿ ಪಕ್ಕಕ್ಕೆ ಸರಿಸಿದರೆ ಹಿಡಿತ ಬಿಡುತ್ತದೆ, ಆಮೇಲೆ ದಪ್ಪ ತುದಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿ ಇರುವುದರಿಂದ ರಕ್ತ ಬಹಳ ಹೊತ್ತು ಒಸರುತ್ತದೆ. ಸೋಪುನೀರಲ್ಲಿ ತೊಳೆದು, ಬಟ್ಟೆ ಒತ್ತಿ ಕಟ್ಟಿದರೆ ಸಾಕು. ಎರಡು ದಿನದ ತುರಿಕೆಗೆ ಕೆರೆದುಕೊಂಡು ಹುಣ್ಣು ಮಾಡಿಕೊಳ್ಳುವುದೇ ನಿಜವಾದ ತೊಂದರೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಮಳೆಗಾಲವಿಡೀ ಟಾರು ರಸ್ತೆ ಬಿಟ್ಟು ಇಳಿಯದಿರುವುದು ಕ್ಷೇಮ.

ಮಳೆ ಬಿಡದ ದಿನಗಳಿಗೆ ಮನೆಕೆಲಸವೇ ಇದೆ. ಬಾವಿಯಿಂದ ಹತ್ತು ಹದಿನೈದು ಕೊಡ ನೀರು ಸೇದುವುದು ತೋಳು, ಬೆನ್ನಿಗೆ. ಜಗುಲಿಯ ಮೆಟ್ಟಿಲನ್ನು ಒಂದೊಂದು ಕಾಲಿಗೆ ಹದಿನೈದು ಸಲ ಹತ್ತಿಳಿಯುವುದು ತೊಡೆಗೆ. ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಮೀನಖಂಡಕ್ಕೆ, ಇದೂ ಹದಿನೈದು. ಮೂರು ಸುತ್ತು. ಮಣೆಯ ಮೇಲೆ ಕೂತು ಕೈ ಊರದೆ ಏಳಲು ಆಗುತ್ತಿದ್ದರೆ ಅದನ್ನು ಬಿಡಬೇಡಿ; ಡೈನಿಂಗ್ ಟೇಬಲ್ ಬಂದ ಮೇಲೆ ಮೊದಲು ಹೋಗುವ ಶಕ್ತಿ ಅದೇ.

ಹೊಟ್ಟೆಗೆ

ಹೊರಡುವ ಮುನ್ನ ಒಂದು ಲೋಟ ಬಿಸಿನೀರು, ಸಣ್ಣ ಚೂರು ಬೆಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೋಗದೆ ವೈದ್ಯರನ್ನು ಕೇಳಿ ಹೊತ್ತು ಗೊತ್ತು ಮಾಡಿಕೊಳ್ಳಲಿ. ಕೈನಡುಗಿ ಬೆವರು ಬಂದಾಗ ಬಾಯಿಗೆ ಹಾಕಲು ಜೇಬಿನಲ್ಲಿ ಸಕ್ಕರೆ ಇರಲಿ.

ಬಂದ ಮೇಲೆ ಕಷಾಯ. ಕೊತ್ತಂಬರಿ ಬೀಜ ನಾಲ್ಕು ಚಮಚ, ಜೀರಿಗೆ ಎರಡು, ಕಾಳುಮೆಣಸು ಅರ್ಧ, ಮೆಂತ್ಯ ಕಾಲು ಚಮಚ. ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿದು ಪುಡಿ ಮಾಡಿ. ಒಟ್ಟಿಗೆ ಹುರಿದರೆ ಕೊತ್ತಂಬರಿ ಬಿಸಿಯಾಗುವ ಹೊತ್ತಿಗೆ ಜೀರಿಗೆ ಸೀದು ಕಹಿಯಾಗುತ್ತದೆ. ಲೋಟ ನೀರಿಗೆ ಒಂದು ಚಮಚ ಪುಡಿ, ಬೆಲ್ಲ ಹಾಕಿ ನಾಲ್ಕು ನಿಮಿಷ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಹಾಲು ಬೆರೆಸಿ. ಬೆಲ್ಲದ ಜೊತೆ ಹಾಲು ಕುದಿಸಿದರೆ ಒಡೆಯಬಹುದು. ತಿಂಡಿಗೆ ಕುಚ್ಚಲಕ್ಕಿ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ. ಬೆವರಿ ಬಂದವರಿಗೆ ಇದಕ್ಕಿಂತ ಒಳ್ಳೆಯ ಉಪ್ಪು-ನೀರು ಇಲ್ಲ, ಆದರೆ ಬಿಪಿ ಇರುವವರು ಉಪ್ಪಿನಕಾಯಿ ಬಿಟ್ಟು ಒಂದೆಲಗದ ತಂಬುಳಿ ಹಾಕಿಕೊಳ್ಳಲಿ.

ನೋಡುವುದಕ್ಕೆ ಒಂದು ಮರ

ಮೊದಲ ತಿಂಗಳು ಕಳೆದ ಮೇಲೆ ಬೇಸರ ಬರುತ್ತದೆ, ಅದೇ ದಾರಿ, ಅದೇ ಬೇಲಿ. ಆಗ ದಾರಿ ಬದಲಿಸುವವರೇ ಹೆಚ್ಚು. ಬದಲಿಸಬೇಡಿ. ದಾರಿಯಲ್ಲಿ ಒಂದು ಮರ ಗೊತ್ತು ಮಾಡಿ, ದಿನಾ ಅರ್ಧ ನಿಮಿಷ ನಿಂತು ನೋಡಿ. ಸುರಗಿ ಮರ ಸಿಕ್ಕಿದರೆ ಅದೃಷ್ಟ. ಫೆಬ್ರವರಿ ಸುಮಾರಿಗೆ ಅದರ ಹಳೆಯ ಕೊಂಬೆಗಳ ಮೇಲೆ, ಎಲೆಗಳ ಹಿಂದೆ ಬರಿಗೊಂಬೆಗೇ ಗುಂಡು ಮೊಗ್ಗು ಗುಂಪುಗುಂಪಾಗಿ ಕೂರುತ್ತವೆ. ಬಿರಿದ ಬೆಳಗ್ಗೆ ಇಡೀ ಮರ ಜೇನಿನ ಸದ್ದಿನಿಂದ ಗುಂಯ್ಗುಡುತ್ತದೆ. ಮೊಗ್ಗು ಕೊಯ್ದು ಪೋಣಿಸಿದ ದಂಡೆ ಒಣಗಿದ ಮೇಲೂ ಬಹಳ ದಿನ ಪರಿಮಳ ಬಿಡುತ್ತದೆ. ಸುರಗಿ ಇಲ್ಲವೆಂದರೆ ಮತ್ತಿ, ನೇರಳೆ, ಹಲಸು, ಯಾವುದಾದರೂ ಆದೀತು. ಹಳೆಯ ಮರದ ಕವಲಿನಲ್ಲಿ ಸೀತಾಳೆದಂಡೆ ಇದ್ದರೆ ಮುಂಗಾರಿನ ಹೊಸ್ತಿಲಲ್ಲಿ ಅದರ ಜೋಲುಗೊಂಚಲು ಕಾಣುತ್ತದೆ.

ಮಳೆನಕ್ಷತ್ರ ನಮೂದಿಸಿರುವ ಗೋಡೆಯ ಕ್ಯಾಲೆಂಡರ್ ಮನೆಯಲ್ಲಿ ಇದ್ದೇ ಇರುತ್ತದೆ. ಆ ದಿನದ ಚೌಕದಲ್ಲಿ ಎರಡೇ ಪದ ಬರೆಯಿರಿ: "ಮೊದಲ ಉಂಬಳ", "ಮಡಿವಾಳಹಕ್ಕಿ ಹಾಡಿತು", "ಮುತ್ತುಗ ಕೆಂಪಾಯ್ತು". ಎಷ್ಟು ಹೆಜ್ಜೆ, ಎಷ್ಟು ಕ್ಯಾಲೊರಿ ಎಂದು ಬರೆಯಬೇಡಿ. ಹೆಜ್ಜೆಯ ಲೆಕ್ಕ ಹಿಡಿದವರಿಗೆ ಕಡಿಮೆಯಾದ ದಿನ ಬೇಜಾರು, ಹೆಚ್ಚಾದ ದಿನ ನಾಳೆಯ ಚಿಂತೆ. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿನ ಆಳಕ್ಕೆ ಹಾಕಿ, ಅದು ನೀವು ಬಿದ್ದಾಗ ಯಾರನ್ನಾದರೂ ಕರೆಯಲಿಕ್ಕೆ ಮಾತ್ರ. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಹಕ್ಕಿಯ ಕೂಗೂ ಕೇಳುವುದಿಲ್ಲ, ಹಿಂದಿನಿಂದ ಬರುವ ಲಾರಿಯೂ ಕೇಳುವುದಿಲ್ಲ.

ತಿಂಗಳಿಗೊಮ್ಮೆ ದೂರ

ದಿನದ 45 ನಿಮಿಷ ಸಲೀಸಾದ ಮೇಲೆ, ಅಕ್ಟೋಬರ್‌ನಿಂದ ಆಚೆ, ತಿಂಗಳಿಗೊಂದು ದಿನ ದೊಡ್ಡ ನಡಿಗೆ ಇಟ್ಟುಕೊಳ್ಳಬಹುದು. ಕವಲೇದುರ್ಗದ ಕಲ್ಲುಹಾಸಿನ ದಾರಿ ಮೊದಲನೆಯದಕ್ಕೆ ಒಳ್ಳೆಯದು. ಕೋಟೆಯ ಬಾಗಿಲುಗಳು ಒಂದಾದ ಮೇಲೊಂದು ಬರುವುದರಿಂದ ನಿಂತು ನಿಂತು ಹತ್ತಬಹುದು. ಕುಂದಾದ್ರಿಗೆ ಮೇಲಿನವರೆಗೆ ವಾಹನದ ರಸ್ತೆಯೇ ಇದೆ, ಸುಸ್ತಾದವರು ಅರ್ಧದಲ್ಲಿ ಹತ್ತಿಕೊಳ್ಳಬಹುದು. 1,343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಕೊನೆಗೆ ಇಟ್ಟುಕೊಳ್ಳಿ, ಹೊರಡುವ ಮುನ್ನ ಅರಣ್ಯ ಇಲಾಖೆಯ ಅನುಮತಿ ವಿಚಾರಿಸಿ. ಹೊತ್ತಿನ ಅಂದಾಜು ಹೀಗೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ, ನಿಲ್ಲುವ ಹೊತ್ತು ಬೇರೆ. ಒಬ್ಬರಿಗೆ ಎರಡು ಲೀಟರ್ ನೀರು. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ಇಳಿಯಲು ಶುರು ಮಾಡಿ.

ಮಾರನೇ ದಿನ ತೊಡೆ ಹಿಡಿದುಕೊಳ್ಳುತ್ತದೆ, ಎರಡನೇ ದಿನ ಇನ್ನೂ ಜೋರು. ಹತ್ತಿದ್ದಕ್ಕಿಂತ ಇಳಿದದ್ದರ ಪ್ರತಾಪ ಅದು. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾಗುತ್ತದೆ. ಮಲಗಬೇಡಿ, ದಿನದ ದಾರಿಯಲ್ಲಿ ಸಮತಟ್ಟಾದ ಕಡೆ ಹದಿನೈದು ನಿಮಿಷ ನಿಧಾನ ನಡೆಯಿರಿ. ಮೂರು ನಾಲ್ಕು ದಿನದಲ್ಲಿ ಬಿಡುತ್ತದೆ. ನೋವು ತೊಡೆಯಲ್ಲಿರದೆ ಮಂಡಿಯ ಒಳಗಿದ್ದರೆ, ಮಂಡಿ ಊದಿದ್ದರೆ, ಅಥವಾ ಏರಿನಲ್ಲಿ ಎದೆ ಹಿಡಿದಂತಾಗಿ ನಿಂತರೆ ಕಡಿಮೆಯಾಗುತ್ತಿದ್ದರೆ, ಮುಂದಿನ ನಡಿಗೆಗೆ ಮೊದಲು ಡಾಕ್ಟರ ಹತ್ತಿರ ಹೋಗಿ.